ಒಂದು ಮನವಿಯ ಚರಿತ್ರೆ: ಮೇಲಣ ಸೈಲೀಷಿಯದ ಯೆಹೂದ್ಯರೂ ರಾಷ್ಟ್ರಸಂಘವೂ

ಒಂದು ರಾಜ್ಯವು ತನ್ನ ಪ್ರಜೆಗಳನ್ನು ಹೇಗೆ ನಡೆಸಿಕೊಳ್ಳುತ್ತಿದೆಯೆಂದು ಪ್ರಶ್ನಿಸುವ ಅಧಿಕಾರವು ಇತರ ರಾಜ್ಯಗಳಿಗೆ ಉಂಟೇ? ಉಂಟೆಂದು ಒಪ್ಪಿದರೆ ಸಾರ್ವಭೌಮತ್ವವೆಂಬ ಮಾತಿಗೆ ಅರ್ಥವೇನು ಉಳಿಯಿತು? ಇಲ್ಲವೆಂದರೆ, ಪ್ರಬಲರ ಕೈಗೆ ಸಿಕ್ಕ ಅಲ್ಪಸಂಖ್ಯಾತರು ಮೊರೆಯಿಡಬೇಕಾದುದು ಯಾರಲ್ಲಿ? ಅಂತರರಾಷ್ಟ್ರೀಯ ನ್ಯಾಯಶಾಸ್ತ್ರದ ಗ್ರಂಥಗಳಲ್ಲಿ ಈ ಪ್ರಶ್ನೆಯು ಬಹುಕಾಲ ಶುಷ್ಕವಾದ ತರ್ಕವಾಗಿಯೇ ಉಳಿದಿತ್ತು. ಯೂರೋಪಿನ ಯೆಹೂದ್ಯರ ಪಾಲಿಗಾದರೋ ಅದು ಪ್ರಾಣದ ಪ್ರಶ್ನೆಯಾಗಿದ್ದಿತು. ಯೆಹೂದ್ಯದ್ವೇಷವನ್ನು ತಡೆಯಲು ರಾಷ್ಟ್ರಗಳು ಒಟ್ಟುಗೂಡಿ ನಡೆಸಿದ ಪ್ರಯತ್ನಗಳ ಚರಿತ್ರೆ ಬಹುಮಟ್ಟಿಗೆ ವೈಫಲ್ಯದ ಚರಿತ್ರೆಯೆಂಬುದು ಎಲ್ಲರೂ ಬಲ್ಲ ವಿಷಯ. ಆ ಚರಿತ್ರೆಯಲ್ಲಿ ಕಾಣಬರುವ ಒಂದು ಸಣ್ಣ ಅಪವಾದವನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ. 1933ನೆಯ ಇಸವಿಯಲ್ಲಿ, ಹಿಟ್ಲರನು ಅಧಿಕಾರಕ್ಕೆ ಬಂದ ಕೆಲವೇ ತಿಂಗಳುಗಳಲ್ಲಿ, ಅಂಗಡಿಯೊಂದರ ಕೆಲಸದಿಂದ ವಜಾ ಆದ ಸಾಮಾನ್ಯ ನೌಕರನೊಬ್ಬನು ಜಿನೀವಾಕ್ಕೆ ಕಳುಹಿಸಿದ ಮನವಿಯ ಫಲವಾಗಿ, ಜರ್ಮನಿಯ ಒಂದು ಮೂಲೆಯಲ್ಲಿ ನಾಲ್ಕು ವರ್ಷಗಳ ಕಾಲ ಯೆಹೂದ್ಯವಿರೋಧೀ ಶಾಸನಗಳು ನಿಂತುಹೋದುವು. ಇದು ಹೇಗೆ ಸಾಧ್ಯವಾಯಿತು, ಮತ್ತೆ ಏಕೆ ಮುಂದುವರಿಯಲಿಲ್ಲ ಎಂಬುದೇ ನಮ್ಮ ವಿಚಾರ.

ಹಿನ್ನೆಲೆಯನ್ನು ತಿಳಿಯಲು ಹತ್ತೊಂಬತ್ತನೆಯ ಶತಮಾನಕ್ಕೆ ಹೋಗಬೇಕಾಗುತ್ತದೆ. 1840ರಲ್ಲಿ ಡಮಾಸ್ಕಸ್ ನಗರದಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿಯು ಕಾಣೆಯಾದನು. ಮತಾಚರಣೆಗೆ ರಕ್ತ ಬೇಕೆಂದು ಯೆಹೂದ್ಯರೇ ಆತನನ್ನು ಕೊಂದರೆಂಬ ಹಳೆಯ ಅಪವಾದವು ತಲೆಯೆತ್ತಿತು. ಹಲವರನ್ನು ಹಿಡಿದು ಚಿತ್ರಹಿಂಸೆಗೆ ಗುರಿಮಾಡಿದರು. ಇಂಗ್ಲೆಂಡಿನ ಮೋಸೆಸ್ ಮಾಂಟಿಫಿಯೋರ್, ಫ್ರಾನ್ಸಿನ ಅಡೋಲ್ಫ್ ಕ್ರೆಮಿಯೊ ಎಂಬಿಬ್ಬರು ಅಲೆಕ್ಸಾಂಡ್ರಿಯಕ್ಕೆ ಹೋಗಿ ಮಹಮ್ಮದಾಲಿ ಪಾಷಾನನ್ನು ಕಂಡು ಉಳಿದ ಬಂದಿಗಳ ಬಿಡುಗಡೆಯನ್ನು ಸಾಧಿಸಿದರು; ಆ ವರ್ಷದ ನವೆಂಬರಿನಲ್ಲಿ ತುರ್ಕಿಯ ಸುಲ್ತಾನನು ಈ ಅಪವಾದವು ನಿರಾಧಾರವೆಂದು ಫರ್ಮಾನು ಹೊರಡಿಸಿದನು. ಇಲ್ಲಿ ನಡೆದುದು ಪ್ರಭಾವಶಾಲಿಗಳಾದ ವ್ಯಕ್ತಿಗಳ ಮಧ್ಯಸ್ಥಿಕೆ ಮಾತ್ರ. ಕೌಲುಗಳ ಮೂಲಕ ರಕ್ಷಣೆ ದೊರಕಿಸುವ ಮೊದಲ ದೊಡ್ಡ ಪ್ರಯತ್ನವು 1878ರ ಬರ್ಲಿನ್ ಸಮ್ಮೇಳನದಲ್ಲಿ ಆಯಿತು.

ಈ ಪ್ರಯತ್ನದ ಕಥೆ ಬೋಧಪ್ರದವಾದುದು. ರುಮೇನಿಯವು ಆಗ ತುರ್ಕಿಯಿಂದ ಬಿಡಿಸಿಕೊಂಡು ಸ್ವತಂತ್ರ ರಾಜ್ಯವೆಂಬ ಮನ್ನಣೆಯನ್ನು ಬೇಡುತ್ತಿದ್ದಿತು. 1866ರ ಅದರ ಸಂವಿಧಾನದ 7ನೆಯ ವಿಧಿಯಂತೆ ಕ್ರೈಸ್ತರಲ್ಲದ ಪರದೇಶೀಯರು ಪೌರತ್ವವನ್ನು ಪಡೆಯುವಂತಿರಲಿಲ್ಲ. ತಲೆಮಾರುಗಳಿಂದ ಅಲ್ಲಿಯೇ ಹುಟ್ಟಿ ಬೆಳೆದ ಯೆಹೂದ್ಯರನ್ನೂ ಪರದೇಶೀಯರೆಂದೇ ಎಣಿಸಲಾಗುತ್ತಿದ್ದಿತು. ಮತಭೇದದ ಕಾರಣದಿಂದ ಯಾರಿಗೂ ಪೌರಹಕ್ಕುಗಳನ್ನು ನಿರಾಕರಿಸಕೂಡದೆಂದು ಬರ್ಲಿನ್ ಕೌಲಿನ 44ನೆಯ ವಿಧಿಯು ಸಾರಿತು. ಈ ಷರತ್ತಿಗೆ ಒಳಪಟ್ಟರೆ ಮಾತ್ರ ರುಮೇನಿಯದ ಸ್ವಾತಂತ್ರ್ಯಕ್ಕೆ ಮನ್ನಣೆಯೆಂದು ಮಹಾಶಕ್ತಿಗಳು ನಿರ್ಧರಿಸಿದುವು. ರುಮೇನಿಯದ ರಾಜಕಾರಣಿಗಳು ಇದಕ್ಕೆ ಕಂಡುಹಿಡಿದ ಉಪಾಯವು ಚತುರತರವಾದುದು. 1879ರಲ್ಲಿ ಸಂವಿಧಾನವನ್ನು ತಿದ್ದಿದರು. ಮತದ ಅಡ್ಡಿಯನ್ನು ಅಕ್ಷರಶಃ ತೆಗೆದುಹಾಕಿದರು. ಆದರೆ ಪ್ರತಿಯೊಬ್ಬ 'ಪರದೇಶೀಯ'ನಿಗೂ ಪೌರತ್ವವನ್ನು ಬೇರೆಬೇರೆಯಾಗಿ ಪಾರ್ಲಿಮೆಂಟಿನ ಶಾಸನದಿಂದಲೇ ಕೊಡತಕ್ಕದ್ದೆಂದು ವಿಧಿಸಿದರು. ತುರ್ಕಿಯೊಡನೆ ನಡೆದ ಯುದ್ಧದಲ್ಲಿ ಹೋರಾಡಿದ್ದ 883 ಮಂದಿ ಯೆಹೂದ್ಯರಿಗೆ ಒಟ್ಟಾಗಿ ಪೌರತ್ವವು ದೊರಕಿತು. ಅನಂತರದ ಮೂವತ್ತನಾಲ್ಕು ಮೂವತ್ತೈದು ವರ್ಷಗಳಲ್ಲಿ ಅದು ದೊರಕಿದುದು ಕೆಲವು ನೂರು ಜನಕ್ಕೆ ಮಾತ್ರ. ಉಳಿದ ಲಕ್ಷಾಂತರ ಮಂದಿ ತಾವು ಹುಟ್ಟಿದ ನೆಲದಲ್ಲಿಯೇ ಪರಕೀಯರಾಗಿ ಬಾಳಿದರು. ಕೌಲಿಗೆ ಸಹಿ ಹಾಕಿದ್ದ ರಾಷ್ಟ್ರಗಳು ಮಾಡಿದ್ದೇನು? ರುಮೇನಿಯದ ರೈಲ್ವೆಗಳಲ್ಲಿ ಜರ್ಮನರು ತೊಡಗಿಸಿದ್ದ ಹಣದ ಪ್ರಶ್ನೆ ಬಿಸ್ಮಾರ್ಕನಿಗೆ ತೃಪ್ತಿಕರವಾಗಿ ಪರಿಹಾರವಾದ ಮೇಲೆ, 1880ರ ಫೆಬ್ರುವರಿಯಲ್ಲಿ ಜರ್ಮನಿ, ಇಂಗ್ಲೆಂಡು, ಫ್ರಾನ್ಸುಗಳು ರುಮೇನಿಯವನ್ನು ಮನ್ನಿಸಿದುವು. 1902ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಹೇ ಎಂಬಾತನು 44ನೆಯ ವಿಧಿಯನ್ನು ನೆನಪಿಸುತ್ತ ಆ ಶಕ್ತಿಗಳಿಗೆ ಪತ್ರವನ್ನು ಬರೆದನು. ಅಮೆರಿಕವು ಆ ಕೌಲಿಗೆ ಸಹಿ ಹಾಕಿದ ರಾಷ್ಟ್ರವೂ ಆಗಿರಲಿಲ್ಲ. ಪತ್ರದಿಂದ ಯಾವ ಕಾರ್ಯವೂ ಆಗಲಿಲ್ಲ.

'ಆಂಟಿಸೆಮಿಟಿಸಂ' ಎಂಬ ಪದವನ್ನು ಜರ್ಮನಿಯಲ್ಲಿ ವಿಲ್ಹೆಲ್ಮ್ ಮಾರ್ ಎಂಬ ಪತ್ರಿಕಾಲೇಖಕನೂ ಅವನ ಅನುಯಾಯಿಗಳೂ ಬಳಕೆಗೆ ತಂದದ್ದು ಇದೇ 1879ರಲ್ಲಿ. ಮತದ ಆಧಾರದ ಮೇಲೆ ನಿಂತಿದ್ದ ಹಳೆಯ ದ್ವೇಷವು ಈಗ ಜನಾಂಗ, ರಕ್ತ ಮುಂತಾದ ಹುಸಿ ವಿಜ್ಞಾನದ ವೇಷವನ್ನು ತೊಟ್ಟಿತು. ಮತಾಂತರ ಹೊಂದಿದರೆ ಹಳೆಯ ದ್ವೇಷದಿಂದ ಪಾರಾಗಬಹುದಾಗಿತ್ತು; ಹೊಸದರಿಂದ ಪಾರಾಗುವ ಮಾರ್ಗವೇ ಇರಲಿಲ್ಲ. 'ಮತಭೇದ'ವನ್ನು ಮಾತ್ರ ನಿಷೇಧಿಸುವ ಕೌಲುಗಳು ಇದನ್ನು ಎದುರಿಸಲಾರವೆಂಬುದು ಆಗ ಯಾರಿಗೂ ಹೊಳೆದಂತೆ ತೋರುವುದಿಲ್ಲ.

ಒಂದನೆಯ ಮಹಾಯುದ್ಧವು ಮುಗಿಯುತ್ತಿದ್ದಂತೆ ಪೂರ್ವ ಯೂರೋಪಿನಲ್ಲಿ ಯೆಹೂದ್ಯರ ಹತ್ಯೆಗಳು ನಡೆದುವು. 1918ರ ನವೆಂಬರಿನಲ್ಲಿ ಲ್ವೂಫ್ ನಗರದಲ್ಲಿಯೂ 1919ರ ಏಪ್ರಿಲಿನಲ್ಲಿ ಪಿನ್‌ಸ್ಕ್ ಪಟ್ಟಣದಲ್ಲಿಯೂ ನಡೆದ ಘಟನೆಗಳ ವರದಿ ಪ್ಯಾರಿಸಿನ ಶಾಂತಿ ಸಮ್ಮೇಳನವನ್ನು ಮುಟ್ಟಿತು. ಅಲ್ಲಿ ಅಮೆರಿಕದ ಲೂಯಿ ಮಾರ್ಷಲ್, ಇಂಗ್ಲೆಂಡಿನ ಲೂಸಿಯನ್ ವುಲ್ಫ್ ಮೊದಲಾದವರು ದುಡಿದುದರ ಫಲವಾಗಿ, 1919ರ ಜೂನ್ 28ರಂದು, ವರ್ಸೇಲ್ಸ್ ಕೌಲಿಗೆ ಸಹಿ ಬಿದ್ದ ದಿನವೇ, ಪೋಲೆಂಡು ಅಲ್ಪಸಂಖ್ಯಾತರ ಕೌಲಿಗೂ ಸಹಿ ಹಾಕಬೇಕಾಯಿತು. ಇದೇ ಮಾದರಿಯಲ್ಲಿ ರುಮೇನಿಯ, ಚೆಕೊಸ್ಲೊವಾಕಿಯ ಮೊದಲಾದ ರಾಜ್ಯಗಳೂ ಕಟ್ಟುಬಿದ್ದುವು. ಬರ್ಲಿನ್ ಕೌಲಿಗೆ ಹೋಲಿಸಿದರೆ ಈ ಕೌಲುಗಳಲ್ಲಿ ಒಂದು ಮುಖ್ಯ ಸುಧಾರಣೆ ಕಾಣುತ್ತದೆ: ಇವುಗಳ ಪಾಲನೆಗೆ ರಾಷ್ಟ್ರಸಂಘವು ಹೊಣೆ. ಅಲ್ಪಸಂಖ್ಯಾತರು ಮನವಿಯನ್ನು ಕಳುಹಿಸಬಹುದು. ಸಂಘದ ಮಂಡಲಿಯ ಮೂವರು ಸದಸ್ಯರ ಸಮಿತಿಯೊಂದು ಅದನ್ನು ಪರಿಶೀಲಿಸುತ್ತದೆ. ಆದರೆ ಮನವಿದಾರನು ವಾದಿಯಲ್ಲ. ಅವನು ಕೊಡುವುದು ಮಾಹಿತಿ ಮಾತ್ರ. ವಿಷಯವನ್ನು ಮಂಡಲಿಯ ಮುಂದೆ ಇಡುವ ಅಧಿಕಾರವು ಮಂಡಲಿಯ ಸದಸ್ಯರಾಷ್ಟ್ರಕ್ಕೆ ಸೇರಿದುದು, ಮತ್ತು ನೆರೆಯ ಸರ್ಕಾರವೊಂದರ ಮೇಲೆ ಹಾಗೆ ದೂರು ತರಲು ಯಾವ ರಾಷ್ಟ್ರವೂ ಹಿಂದೆಮುಂದೆ ನೋಡದೆ ಇರುವುದಿಲ್ಲ. ಇದಕ್ಕಿಂತ ದೊಡ್ಡ ದೋಷ ಮತ್ತೊಂದಿದ್ದಿತು. ಇಂಥ ಹೊಣೆಗಾರಿಕೆಯನ್ನು ಸಣ್ಣ ರಾಜ್ಯಗಳ ಮೇಲೆ ಹೇರಿದ ಮಹಾಶಕ್ತಿಗಳು ತಾವು ಮಾತ್ರ ಅದಕ್ಕೆ ಒಳಪಡಲಿಲ್ಲ. ಸೋತುಹೋದ ಜರ್ಮನಿಯ ಮೇಲೂ ಅದನ್ನು ಹೇರಲಿಲ್ಲ. ಯೆಹೂದ್ಯರು ಅಲ್ಲಿ ಪೂರ್ಣ ಪೌರತ್ವವನ್ನು ಅನುಭವಿಸುತ್ತಿರುವರೆಂಬ ನಂಬಿಕೆಯೇ ಅದಕ್ಕೆ ಒಂದು ಕಾರಣ.

ಜರ್ಮನಿಯ ಒಂದೇ ಒಂದು ಭಾಗಕ್ಕೆ ಮಾತ್ರ ವಿನಾಯಿತಿಯಿದ್ದಿತು. ಅದು ಮೇಲಣ ಸೈಲೀಷಿಯ.

ಕಲ್ಲಿದ್ದಲು, ಸತುವು, ಉಕ್ಕಿನ ಕಾರ್ಖಾನೆಗಳಿಂದ ಸಮೃದ್ಧವಾದ ಈ ಪ್ರಾಂತವನ್ನು ಜರ್ಮನಿ ಪೋಲೆಂಡುಗಳೆರಡೂ ತಮ್ಮದೆನ್ನುತ್ತಿದ್ದುವು. 1921ರ ಮಾರ್ಚಿ 20ರಂದು ನಡೆದ ಜನಮತಗಣನೆಯಲ್ಲಿ ಜರ್ಮನಿಯ ಪರವಾಗಿ 7 ಲಕ್ಷಕ್ಕೂ ಮೇಲ್ಪಟ್ಟು, ಪೋಲೆಂಡಿನ ಪರವಾಗಿ 4 ಲಕ್ಷದ 79 ಸಾವಿರಕ್ಕೂ ಮೇಲ್ಪಟ್ಟು ಮತಗಳು ಬಿದ್ದುವು. ಆ ಅಕ್ಟೋಬರಿನಲ್ಲಿ ಪ್ರಾಂತವನ್ನು ಎರಡು ಭಾಗ ಮಾಡಲಾಯಿತು. ಪೋಲೆಂಡಿಗೆ ಭೂಭಾಗವು ಕಡಮೆ, ಗಣಿಗಳೂ ಕಾರ್ಖಾನೆಗಳೂ ಹೆಚ್ಚು. ಒಂದೇ ಊರಿನ ಮನೆ ಒಂದು ರಾಜ್ಯದಲ್ಲಿ, ಆ ಮನೆಯವನು ದುಡಿಯುವ ಗಣಿ ಇನ್ನೊಂದು ರಾಜ್ಯದಲ್ಲಿ, ಹೀಗೆ ಗಡಿಯು ಜೀವನವನ್ನೇ ಕತ್ತರಿಸಿತು. ಈ ಗಾಯವನ್ನು ಮಾಯಿಸುವುದಕ್ಕಾಗಿ 1922ರ ಮೇ 15ರಂದು ಜರ್ಮನಿ ಪೋಲೆಂಡುಗಳು ಜಿನೀವಾದಲ್ಲಿ ಒಂದು ಒಡಂಬಡಿಕೆಯನ್ನು ಮಾಡಿಕೊಂಡುವು. ಅದರಲ್ಲಿ 606 ವಿಧಿಗಳು. ಅದರ ಅವಧಿ 15 ವರ್ಷ. ಪೋಲೆಂಡಿನ ಭಾಗದಲ್ಲಿ ಉಳಿದ ಜರ್ಮನರ ರಕ್ಷಣೆ, ಜರ್ಮನಿಯ ಭಾಗದಲ್ಲಿ ಉಳಿದ ಪೋಲರ ರಕ್ಷಣೆ, ಇವೇ ಅದರ ಉದ್ದೇಶ. ಒಡಂಬಡಿಕೆಯನ್ನು ರಚಿಸಿದವರ ಮನಸ್ಸಿನಲ್ಲಿ ಯೆಹೂದ್ಯರ ಪ್ರಶ್ನೆಯು ಮುಖ್ಯವಾಗಿ ಇದ್ದಿರಲಾರದು. ಆದರೂ ಜನಾಂಗ, ಭಾಷೆ, ಮತಗಳ ಭೇದವಿಲ್ಲದೆ ಎಲ್ಲ ನಿವಾಸಿಗಳಿಗೂ ಸಮಾನ ಹಕ್ಕುಗಳನ್ನು ಅದು ವಾಗ್ದಾನ ಮಾಡಿತ್ತು. ಅದರ 147ನೆಯ ವಿಧಿಯು ಬೇರೆ ಯಾವ ಅಲ್ಪಸಂಖ್ಯಾತರ ಕೌಲಿನಲ್ಲಿಯೂ ಇಲ್ಲದ ಒಂದು ಅಧಿಕಾರವನ್ನು ಕೊಟ್ಟಿತ್ತು: ಅಲ್ಪಸಂಖ್ಯಾತ ವರ್ಗಕ್ಕೆ ಸೇರಿದ ಯಾವ ವ್ಯಕ್ತಿಯಾದರೂ ನೇರವಾಗಿ ರಾಷ್ಟ್ರಸಂಘದ ಮಂಡಲಿಗೆ ಮನವಿಯನ್ನು ಸಲ್ಲಿಸಬಹುದು, ಮಂಡಲಿಯು ಅದರ ಮೇಲೆ ತೀರ್ಮಾನ ಕೊಡಬಹುದು. ಇದಲ್ಲದೆ ಸ್ಥಳದಲ್ಲಿಯೇ ಕಾಟೊವಿಟ್ಸೆಯಲ್ಲಿ ಒಂದು ಮಿಶ್ರ ಆಯೋಗವೂ, ಬಾಯ್ಟೆನ್ ಪಟ್ಟಣದಲ್ಲಿ ಒಂದು ಪಂಚಾಯಿತಿ ನ್ಯಾಯಾಲಯವೂ ಸ್ಥಾಪಿತವಾದುವು. ಸ್ವಿಟ್ಸರ್ಲೆಂಡಿನ ಮಾಜಿ ಅಧ್ಯಕ್ಷನಾದ ಫೆಲಿಕ್ಸ್ ಕಲೊಂಡರನು ಆಯೋಗಕ್ಕೆ ಅಧ್ಯಕ್ಷನಾಗಿದ್ದನು. ಬೆಲ್ಜಿಯಂ ದೇಶದ ಕೆಕೆನ್‌ಬೆಕನು ನ್ಯಾಯಾಲಯಕ್ಕೆ ಅಧ್ಯಕ್ಷನಾಗಿದ್ದನು.

ಹಿಟ್ಲರನು 1933ರ ಜನವರಿ 30ರಂದು ಪ್ರಧಾನಿಯಾದನು. ಏಪ್ರಿಲ್ 1ರಂದು ಯೆಹೂದ್ಯರ ಅಂಗಡಿಗಳ ಬಹಿಷ್ಕಾರ. 7ರಂದು ಸರ್ಕಾರಿ ನೌಕರಿಯಿಂದ ಅವರನ್ನು ಹೊರದೂಡುವ ಶಾಸನ, ಅದೇ ದಿನ ನ್ಯಾಯವಾದಿಗಳ ಮೇಲೆ ನಿರ್ಬಂಧ. 22ರಂದು ಆರೋಗ್ಯ ವಿಮಾನಿಧಿಗಳಿಂದ ಯೆಹೂದ್ಯ ವೈದ್ಯರ ಉಚ್ಚಾಟನೆ. 25ರಂದು ಶಾಲಾ ಕಾಲೇಜುಗಳಿಗೆ ಹೊಸದಾಗಿ ಸೇರುವವರಲ್ಲಿ ಯೆಹೂದ್ಯರು ಶೇಕಡಾ 1.5ಕ್ಕೆ ಮೀರಕೂಡದೆಂಬ ನಿಯಮ. ಏಪ್ರಿಲ್ 7ರ ಶಾಸನದ ಪರಿಣಾಮವು ನಮ್ಮ ನಾಡಿನವರೆಗೂ ಬಂದು ಮುಟ್ಟಿತೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು. ಗಟಿಂಗೆನ್ ವಿಶ್ವವಿದ್ಯಾನಿಲಯದ ಪೀಠವನ್ನು ಈ ಶಾಸನದಿಂದ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರು ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935-36ರಲ್ಲಿ ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ಕೆಲವು ಕಾಲ ಇದ್ದರು. ಅವರ ಬಂಧುವಾದ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಅವರು 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಬಾರ್ನ್ ಅವರು ಹುಟ್ಟಿದುದು ಸೈಲೀಷಿಯದ ಬ್ರೆಸ್ಲಾವಿನಲ್ಲಿ. ಆದರೆ ಅದು ಕೆಳಗಣ ಸೈಲೀಷಿಯ. ಆ ಊರಿನ ಯೆಹೂದ್ಯರಿಗೆ ಯಾವ ಒಡಂಬಡಿಕೆಯ ಆಶ್ರಯವೂ ಇರಲಿಲ್ಲ. ಒಂದೇ ದೇಶದಲ್ಲಿ, ರೈಲಿನಲ್ಲಿ ಕೆಲವು ಗಂಟೆಗಳ ಅಂತರದಲ್ಲಿದ್ದ ಎರಡು ಊರುಗಳ ನಡುವೆ ಇಷ್ಟು ವ್ಯತ್ಯಾಸ!

ಮೇಲಣ ಸೈಲೀಷಿಯದ ಒಡಂಬಡಿಕೆಯನ್ನು ಆಯುಧವನ್ನಾಗಿ ಬಳಸಬಹುದೆಂದು ಕಂಡುಕೊಂಡವರು, ಪ್ಯಾರಿಸಿನಲ್ಲಿದ್ದ ಯೆಹೂದ್ಯ ನಿಯೋಗಗಳ ಸಮಿತಿಯ ಲಿಯೊ ಮೋಟ್ಸ್‌ಕಿನ್, ನ್ಯಾಯಶಾಸ್ತ್ರಜ್ಞ ನಾಥನ್ ಫೈನ್‌ಬರ್ಗ್, ಚೆಕೊಸ್ಲೊವಾಕಿಯದ ನ್ಯಾಯವಾದಿ ಎಮಿಲ್ ಮಾರ್ಗೂಲಿಯೆಸ್ ಮೊದಲಾದವರು. ಶಸ್ತ್ರವೇನೋ ಸಿಕ್ಕಿತು, ಅದನ್ನು ಹಿಡಿಯುವ ಕೈ ಬೇಕಾಗಿತ್ತು. ಮನವಿದಾರನು ಮೇಲಣ ಸೈಲೀಷಿಯದ ಅಲ್ಪಸಂಖ್ಯಾತನಾಗಿರಬೇಕು. ಅವನ ಹೆಸರು ಬಹಿರಂಗವಾಗುವುದರಿಂದ ಜರ್ಮನಿಯಲ್ಲಿ ಇರುವವನು ಮುಂದೆ ಬರಲಾರನು. ಬಂದರೆ ಅವನ ಗತಿ ಏನಾಗುವುದೆಂದು ಯಾರಾದರೂ ಊಹಿಸಬಹುದಾಗಿತ್ತು. ಕಡೆಗೆ ಪ್ರಾಗ್ ನಗರದಲ್ಲಿ ಮಾರ್ಗೂಲಿಯೆಸನಿಗೆ ಫ್ರಾನ್ಸ್ ಬರ್ನ್‌ಹೈಮ್ ಎಂಬಾತನು ದೊರೆತನು. ಅವನು 1899ರಲ್ಲಿ ಆಸ್ಟ್ರಿಯದ ಸಾಲ್ಸ್‌ಬರ್ಗಿನಲ್ಲಿ ಹುಟ್ಟಿದವನು, ಪೌರತ್ವದಿಂದ ವ್ಯೂರ್ಟೆಂಬರ್ಗಿನವನು, 1931ರ ಸೆಪ್ಟೆಂಬರಿನಿಂದ ಮೇಲಣ ಸೈಲೀಷಿಯದ ಗ್ಲೈವಿಟ್ಸಿನಲ್ಲಿ ವಾಸವಾಗಿದ್ದು, ಬಟ್ಟೆಬರೆ ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವನು. ಏಪ್ರಿಲ್ ತಿಂಗಳ ಕೊನೆಯಲ್ಲಿ ಉಳಿದ ಯೆಹೂದ್ಯ ನೌಕರರೊಡನೆ ಅವನನ್ನೂ ಕೆಲಸದಿಂದ ತೆಗೆದುಹಾಕಿದ್ದರು. ಅವನು ಮುಂದಾಳೂ ಅಲ್ಲ, ಪಂಡಿತನೂ ಅಲ್ಲ. ಮೇ 12ರ ತಾರೀಖುಳ್ಳ ಅವನ ಮನವಿಯನ್ನು ಮೇ 17ರಂದು ಜಿನೀವಾದಲ್ಲಿ ಸಲ್ಲಿಸಲಾಯಿತು. ಮೇಲೆ ಹೇಳಿದ ಶಾಸನಗಳನ್ನೆಲ್ಲ ಅದರಲ್ಲಿ ಎತ್ತಿ ತೋರಿಸಿ, ಅವು ಒಡಂಬಡಿಕೆಗೆ ವಿರುದ್ಧವಾದ್ದರಿಂದ ಮೇಲಣ ಸೈಲೀಷಿಯದಲ್ಲಿ ಅಸಿಂಧುವೆಂದು ಸಾರಬೇಕೆಂದೂ, ನಷ್ಟಪಟ್ಟವರಿಗೆ ಪರಿಹಾರ ಕೊಡಿಸಬೇಕೆಂದೂ ಬೇಡಲಾಗಿತ್ತು.

ಜರ್ಮನಿಯು ಆಗಿನ್ನೂ ರಾಷ್ಟ್ರಸಂಘದ ಸದಸ್ಯ; ಮಂಡಲಿಯಲ್ಲಿ ಅದಕ್ಕೆ ಶಾಶ್ವತ ಸ್ಥಾನ. ಅದರ ಪ್ರತಿನಿಧಿ ಫೊನ್ ಕೆಲ್ಲರನು ಮೇ 26ರಂದು ಒಂದು ಹೇಳಿಕೆಯನ್ನು ಕೊಟ್ಟನು. ಆಂತರಿಕ ಶಾಸನಗಳು ಅಂತರರಾಷ್ಟ್ರೀಯ ಬಾಧ್ಯತೆಗಳಿಗೆ ಎಂದೂ ಭಂಗ ತರಲಾರವೆಂದೂ, ಮೇಲಣ ಸೈಲೀಷಿಯದಲ್ಲಿ ಹಾಗೇನಾದರೂ ನಡೆದಿದ್ದರೆ ಅದು ಕೆಳದರ್ಜೆಯ ಅಧಿಕಾರಿಗಳ ತಪ್ಪು ಗ್ರಹಿಕೆಯಿಂದ ಆದುದೆಂದೂ, ಅದನ್ನು ಸರಿಪಡಿಸಲಾಗುವುದೆಂದೂ ಅದರ ಸಾರಾಂಶ. ಇದು ಮೇಲ್ನೋಟಕ್ಕೆ ವಿನಯದ ಮಾತು. ಒಳಗೆ ನೋಡಿದರೆ ಚರ್ಚೆಯನ್ನು ಅಲ್ಲಿಗೇ ಮೊಟಕುಮಾಡುವ ಉಪಾಯ. ಆದರೆ ರಾಜನೀತಿಯಲ್ಲಿ ಒಮ್ಮೆ ಬಾಯಿಂದ ಬಂದ ಮಾತು ಆಡಿದವನನ್ನೇ ಕಟ್ಟಿಹಾಕುವುದುಂಟು. ಐರ್ಲೆಂಡಿನ ಪ್ರತಿನಿಧಿ ಶಾನ್ ಲೆಸ್ಟರನು ಮಂಡಲಿಯ ವರದಿಗಾರನಾಗಿದ್ದು, ಈ ಹೇಳಿಕೆಯನ್ನೇ ತಳಹದಿಯಾಗಿಟ್ಟುಕೊಂಡು, ಮನವಿಯಲ್ಲಿ ಹೇಳಿದ ಶಾಸನಗಳು ಒಡಂಬಡಿಕೆಗೆ ಹೊಂದಲಾರವೆಂದು ಬರೆದನು.

ಮೇ 30ರ ಸಭೆಯಲ್ಲಿ ಜರ್ಮನಿಯು ಬೇರೊಂದು ದಾರಿ ಹಿಡಿಯಿತು. ಬರ್ನ್‌ಹೈಮನು ಹುಟ್ಟಿನಿಂದಲೂ ಬಂಧುತ್ವದಿಂದಲೂ ಮೇಲಣ ಸೈಲೀಷಿಯಕ್ಕೆ ಸೇರಿದವನಲ್ಲ. ಅವನು ಸರ್ಕಾರಿ ನೌಕರನೂ ಅಲ್ಲ, ವಕೀಲನೂ ಅಲ್ಲ, ವೈದ್ಯನೂ ಅಲ್ಲ. ತನಗೆ ತಟ್ಟದ ಶಾಸನಗಳ ಮೇಲೆ ದೂರು ಹೇಳಲು ಅವನಿಗೆ ಅಧಿಕಾರವೆಲ್ಲಿಯದು? ಈ ಆಕ್ಷೇಪಣೆಯನ್ನು ನ್ಯಾಯಶಾಸ್ತ್ರಜ್ಞರ ಸಮಿತಿಯೊಂದಕ್ಕೆ ಒಪ್ಪಿಸಲಾಯಿತು. ಅಷ್ಟರಲ್ಲಿ ಸಭೆಯಲ್ಲಿ ಮಾತನಾಡಿದವರು ಮೇಲಣ ಸೈಲೀಷಿಯದ ಎಲ್ಲೆಯನ್ನು ದಾಟಿ ಹೋದರು. ಫ್ರಾನ್ಸಿನ ಪಾಲ್-ಬೊಂಕೂರನು ಜರ್ಮನಿಯ ಇತರ ಭಾಗಗಳ ಯೆಹೂದ್ಯರ ವಿಷಯದಲ್ಲಿಯೂ ಸಂಘವು ಕಣ್ಣು ಮುಚ್ಚಿಕೊಳ್ಳಲಾಗದೆಂಬರ್ಥದಲ್ಲಿ ನುಡಿದನು. ಪೋಲೆಂಡಿನ ರಾಚಿನ್ಸ್ಕಿಯೂ ಹಾಗೆಯೇ ಮಾತನಾಡಿ, ಒಂದು ಕಡೆಯ ಅಲ್ಪಸಂಖ್ಯಾತರಿಗೆ ಮಾತ್ರ ಕೌಲಿನ ರಕ್ಷಣೆಯಿದ್ದು ಮತ್ತೊಂದು ಕಡೆಯವರಿಗೆ ಇಲ್ಲದಿರುವ ಅಸಮಾನತೆಯನ್ನು ಎತ್ತಿ ತೋರಿಸಿದನು. ಪೋಲೆಂಡಿನ ಈ ಉತ್ಸಾಹಕ್ಕೆ ಧರ್ಮಬುದ್ಧಿಯೊಂದೇ ಕಾರಣವೆಂದು ಭಾವಿಸಬೇಕಾಗಿಲ್ಲ. ಹದಿನಾಲ್ಕು ವರ್ಷಗಳಿಂದ ತನ್ನನ್ನು ಕಟಕಟೆಯಲ್ಲಿ ನಿಲ್ಲಿಸುತ್ತಿದ್ದ ಜರ್ಮನಿಯು ಈಗ ತಾನೇ ಅಲ್ಲಿ ನಿಂತುದನ್ನು ನೋಡುವ ಸಂತೋಷವೂ ಅದಕ್ಕೆ ಇದ್ದಿರಬೇಕು.

ನ್ಯಾಯಶಾಸ್ತ್ರಜ್ಞರ ಅಭಿಪ್ರಾಯವು ಸ್ಪಷ್ಟವಾಗಿದ್ದಿತು: ಬರ್ನ್‌ಹೈಮನು ಅಲ್ಪಸಂಖ್ಯಾತ ವರ್ಗಕ್ಕೆ ಸೇರಿದವನು, ಹುಟ್ಟಿನ ಸಂಬಂಧ, ಬಂಧುತ್ವ ಮುಂತಾದುವನ್ನು ಒಡಂಬಡಿಕೆಯು ಕೇಳುವುದಿಲ್ಲ, ತಾನು ಸ್ವತಃ ಹಾನಿಗೀಡಾಗದ ಶಾಸನಗಳ ಮೇಲೆಯೂ ಅವನು ಮನವಿ ಮಾಡಬಹುದು. ಜೂನ್ 6ರಂದು ಮಂಡಲಿಯು ವರದಿಯನ್ನು ಅಂಗೀಕರಿಸಿತು. ಜರ್ಮನಿಯೂ ಇಟಲಿಯೂ ಮತ ಕೊಡಲಿಲ್ಲ. ವಿರುದ್ಧವಾಗಿ ಯಾರೂ ನಿಲ್ಲಲಿಲ್ಲ.

ತೀರ್ಮಾನವು ಕಾಗದದ ಮೇಲೆಯೇ ಉಳಿಯಿತೆ? ಉಳಿಯಲಿಲ್ಲವೆಂಬುದೇ ಈ ಪ್ರಕರಣದ ವೈಶಿಷ್ಟ್ಯ. ಸ್ಥಳದಲ್ಲಿ ಕಲೊಂಡರನ ಆಯೋಗವಿದ್ದಿತು. ನ್ಯಾಯವಾದಿ ಗೇಯಾರ್ಗ್ ವೈಸ್‌ಮನ್ ಮೊದಲಾದವರ ನೇತೃತ್ವದಲ್ಲಿ ಸ್ಥಳೀಯ ಯೆಹೂದ್ಯರು ಒಂದು ಸಮಿತಿಯನ್ನು ಕಟ್ಟಿಕೊಂಡು ಪ್ರತಿಯೊಂದು ಪ್ರಕರಣವನ್ನೂ ಬೆನ್ನುಹತ್ತಿದರು. ಕೆಲಸ ಕಳೆದುಕೊಂಡ ನೌಕರರು, ವಕೀಲರು, ವೈದ್ಯರು ತಮ್ಮ ಹಕ್ಕುಗಳನ್ನು ಮರಳಿ ಪಡೆದರು. 1935ರ ಸೆಪ್ಟೆಂಬರಿನಲ್ಲಿ ನ್ಯೂರಂಬರ್ಗಿನ ಶಾಸನಗಳು ಹೊರಟಾಗ, ಗ್ಲೈವಿಟ್ಸ್, ಬಾಯ್ಟೆನ್, ಹಿಂಡೆನ್‌ಬರ್ಗ್ ಪಟ್ಟಣಗಳಲ್ಲಿದ್ದ ಸುಮಾರು 10,000 ಮಂದಿ ಯೆಹೂದ್ಯರಿಗೆ ಅವು ಅನ್ವಯಿಸಲಿಲ್ಲ. ಬರ್ಲಿನ್ನಿನಲ್ಲಿ ವಕೀಲಿಯನ್ನು ಬಿಡಬೇಕಾದ ಯೆಹೂದ್ಯನು ಬಾಯ್ಟೆನ್ನಿನಲ್ಲಿ ನ್ಯಾಯಾಲಯಕ್ಕೆ ಹೋಗುತ್ತಿದ್ದನು. ಬೀದಿಯ ಅವಮಾನಗಳೂ ಅಂಗಡಿಗಳ ಮೇಲಣ ಗುಟ್ಟಾದ ಬಹಿಷ್ಕಾರವೂ ಪೂರ್ತಿಯಾಗಿ ನಿಂತವೆಂದು ಹೇಳಲಾಗದು. ಪಕ್ಷದ ಪುಂಡರನ್ನು ಒಡಂಬಡಿಕೆಯ ವಿಧಿಗಳು ತಡೆಯುವಂತಿರಲಿಲ್ಲ. ಆದರೂ ಶಾಸನದ ಬಲವು ಆ ಪುಂಡರ ಹಿಂದೆ ಇರಲಿಲ್ಲವೆಂಬುದು ಸಣ್ಣ ಮಾತಲ್ಲ.

ಹಿಟ್ಲರನ ಸರ್ಕಾರವು ಏಕೆ ಮಣಿಯಿತು? 1933ರ ಅಕ್ಟೋಬರಿನಲ್ಲಿ ಜರ್ಮನಿಯು ರಾಷ್ಟ್ರಸಂಘವನ್ನು ತ್ಯಜಿಸಿತು; ಸಂಘದ ಭಯದಿಂದ ಮಣಿಯಿತೆನ್ನಲು ಆಧಾರವಿಲ್ಲ. ಉತ್ತರವಿರುವುದು ಗಡಿಯ ಆಚೆ. ಪೋಲೆಂಡಿನ ಭಾಗದಲ್ಲಿದ್ದ ಜರ್ಮನ್ ಅಲ್ಪಸಂಖ್ಯಾತರು, ಅವರ ಶಾಲೆಗಳು, ಅವರ ಆಸ್ತಿಪಾಸ್ತಿಗಳು ಇದೇ ಒಡಂಬಡಿಕೆಯ ನೆರಳಿನಲ್ಲಿ ಬದುಕಿದ್ದುವು. ಯೆಹೂದ್ಯರ ವಿಷಯದಲ್ಲಿ ಒಡಂಬಡಿಕೆಯನ್ನು ಮುರಿದರೆ ಪೋಲೆಂಡು ಜರ್ಮನರ ವಿಷಯದಲ್ಲಿ ಅದನ್ನೇ ಮುರಿಯುವುದು ಸುಲಭವಾಗುತ್ತಿದ್ದಿತು. ಅಂದರೆ, ಯೆಹೂದ್ಯರನ್ನು ಕಾಪಾಡಿದುದು ಪರಸ್ಪರ ಹಿತದ ಲೆಕ್ಕಾಚಾರ. ರುಮೇನಿಯದ ಪ್ರಸಂಗದಲ್ಲಿ ಇಂಥ ಲೆಕ್ಕಾಚಾರಕ್ಕೆ ಅವಕಾಶವಿರಲಿಲ್ಲ. ಆದ್ದರಿಂದ 44ನೆಯ ವಿಧಿಯು ಸತ್ತ ಅಕ್ಷರವಾಯಿತು. ಜಿನೀವಾದ ಭಾಷಣಗಳಲ್ಲಿ ಕೇಳಿಬಂದ ಮಾನವೀಯತೆಯನ್ನು ಈ ಮಾತಿನಿಂದ ತಿರಸ್ಕರಿಸಿದಂತೆ ಆಗುವುದಿಲ್ಲ. ಆ ಮಾನವೀಯತೆಗೆ ಕಾಲೂರಲು ಒಂದು ಗಟ್ಟಿ ನೆಲ ಬೇಕಾಗಿತ್ತು. ಅದು ಮೇಲಣ ಸೈಲೀಷಿಯದಲ್ಲಿ ಮಾತ್ರ ಸಿಕ್ಕಿತು.

ಬೇರೆಡೆ ಸಿಗಲಿಲ್ಲವೆಂಬುದನ್ನು ಅದೇ ವರ್ಷದ ಮಹಾಸಭೆಯೇ ತೋರಿಸಿತು. ಕೌಲುಗಳಿಂದ ಬದ್ಧವಾಗದ ರಾಜ್ಯಗಳೂ ತಮ್ಮ ಅಲ್ಪಸಂಖ್ಯಾತರನ್ನು ನ್ಯಾಯವಾಗಿ ನಡೆಸಿಕೊಳ್ಳಬೇಕೆಂಬ ತತ್ತ್ವವು ಯೆಹೂದ್ಯರಿಗೂ ಅನ್ವಯಿಸುವಂತೆ ಮಾಡುವ ನಿರ್ಣಯವು ಜರ್ಮನಿಯ ಒಂಟಿ ವಿರೋಧದಿಂದ ಬಿದ್ದುಹೋಯಿತು. ಸಂಘದಲ್ಲಿ ಸರ್ವಾನುಮತವು ಅವಶ್ಯಕವಾಗಿತ್ತು. ನಿರಾಶ್ರಿತರಿಗಾಗಿ ಒಬ್ಬ ಉಚ್ಚ ಆಯುಕ್ತನನ್ನು ನೇಮಿಸಲಾಯಿತು. ಅಮೆರಿಕದ ಜೇಮ್ಸ್ ಮೆಕ್‌ಡೊನಾಲ್ಡ್ ಎಂಬ ಆ ಮಹನೀಯನು ಎರಡು ವರ್ಷ ದೇಶದೇಶಗಳ ಬಾಗಿಲು ತಟ್ಟಿ ಬೇಸತ್ತು, 1935ರ ಡಿಸೆಂಬರ್ 27ರಂದು ರಾಜೀನಾಮೆ ಕೊಟ್ಟನು. ರೋಗವು ಜರ್ಮನಿಯ ಒಳಗೆ ಇರುವಾಗ ಓಡಿಬಂದವರಿಗೆ ಮಾತ್ರ ಚಿಕಿತ್ಸೆ ಮಾಡಿ ಫಲವಿಲ್ಲವೆಂಬುದು ಅವನ ಪತ್ರದ ತಿರುಳು. 1938ರ ಜುಲೈಯಲ್ಲಿ ಫ್ರಾನ್ಸಿನ ಏವಿಯಾಂ ಪಟ್ಟಣದಲ್ಲಿ 32 ರಾಷ್ಟ್ರಗಳು ಸಭೆ ಸೇರಿ ಅನುಕಂಪವನ್ನು ಸೂಚಿಸಿ ಚದುರಿದುವು.

ಒಡಂಬಡಿಕೆಯ ಅವಧಿಯು 1937ರ ಜುಲೈ 15ಕ್ಕೆ ಮುಗಿಯಿತು. ಪೋಲೆಂಡು 1934ರಲ್ಲಿಯೇ ಅಲ್ಪಸಂಖ್ಯಾತರ ಕೌಲಿನ ಮೇಲ್ವಿಚಾರಣೆಗೆ ತಾನು ಇನ್ನು ಸಹಕರಿಸುವುದಿಲ್ಲವೆಂದು ಸಾರಿದ್ದಿತು. ಒಡಂಬಡಿಕೆಯನ್ನು ನವೀಕರಿಸುವ ಅಪೇಕ್ಷೆ ಯಾರಿಗೂ ಇರಲಿಲ್ಲ. ಮೇಲಣ ಸೈಲೀಷಿಯಕ್ಕೆ ನಾಲ್ಕು ವರ್ಷಗಳ ಶಾಸನಗಳೆಲ್ಲ ಒಮ್ಮೆಲೇ ಬಂದಿಳಿದುವು. ಈ ನಾಲ್ಕು ವರ್ಷಗಳ ಬಿಡುವಿನಿಂದ ಪ್ರಯೋಜನವೇನೆಂದು ಕೇಳುವವರಿದ್ದಾರೆ. ಸುಳ್ಳು ಭರವಸೆಯಿಂದ ಜನ ಅಲ್ಲಿಯೇ ಉಳಿದು ಕೆಟ್ಟರೆಂದು ವಾದಿಸುವುದೂ ಸಾಧ್ಯ. ಈ ವಾದವು ನಮಗೆ ಪೂರ್ಣವಾಗಿ ಒಪ್ಪಿಗೆಯಾಗಲಿಲ್ಲ. ಆ ನಾಲ್ಕು ವರ್ಷಗಳಲ್ಲಿ ಮಕ್ಕಳು ಶಾಲೆಗೆ ಹೋದರು, ಜನ ಸಂಪಾದಿಸಿದರು; ಹೋಗಬಯಸಿದವರು ದಿವಾಳಿಯಾಗದೆ ಹೋಗಲು ಸಾಧ್ಯವಿತ್ತು. 1942ರಲ್ಲಿ ಗ್ಲೈವಿಟ್ಸಿನಲ್ಲಿ ಉಳಿದಿದ್ದ ಯೆಹೂದ್ಯರನ್ನು ಆಷ್‌ವಿಟ್ಸಿಗೆ ಸಾಗಿಸತೊಡಗಿದರು. ಆ ಊರಿನಿಂದ ಅದು ದೂರವೇನಲ್ಲ.

ಯುದ್ಧಾನಂತರದ ವಿಶ್ವಸಂಸ್ಥೆಯು ಅಲ್ಪಸಂಖ್ಯಾತರ ಕೌಲುಗಳ ಪದ್ಧತಿಯನ್ನು ಕೈಬಿಟ್ಟು ಮಾನವಹಕ್ಕುಗಳ ಮಾರ್ಗವನ್ನು ಹಿಡಿಯಿತು. ಆದರೆ ಹಳೆಯ ಪ್ರಶ್ನೆಯು ಕೂಡಲೇ ಹೊಸ ರೂಪದಲ್ಲಿ ಎದುರಾಯಿತು, ಮತ್ತು ಅದನ್ನು ಎತ್ತಿದುದು ಭಾರತ. ದಕ್ಷಿಣ ಆಫ್ರಿಕದ ಭಾರತೀಯರಿಗೆ ಆಗುತ್ತಿದ್ದ ಅನ್ಯಾಯವನ್ನು 1946ರಲ್ಲಿ ಮಹಾಸಭೆಯ ಮುಂದೆ ಇಟ್ಟಾಗ, ಅದು ತನ್ನ ಆಂತರಿಕ ವ್ಯವಹಾರವೆಂದು ಜನರಲ್ ಸ್ಮಟ್ಸನು ವಾದಿಸಿದನು. ಶ್ರೀಮತಿ ವಿಜಯಲಕ್ಷ್ಮೀ ಪಂಡಿತರ ನೇತೃತ್ವದ ನಿಯೋಗವು ಡಿಸೆಂಬರ್ 8ರಂದು 32 ಮತಗಳಿಂದ ಗೆದ್ದಿತು. ವಿರುದ್ಧ ಬಿದ್ದ ಮತಗಳು 15. ಮೂರು ದಿನಗಳ ಮೇಲೆ, ಜನಾಂಗಹತ್ಯೆಯು ಅಂತರರಾಷ್ಟ್ರೀಯ ಅಪರಾಧವೆಂದು ಸಾರಿದ ನಿರ್ಣಯವು ಅಂಗೀಕೃತವಾಯಿತು. ಕ್ಯೂಬಾ, ಪನಾಮಾಗಳೊಡನೆ ಅದನ್ನು ಮಂಡಿಸಿದ ಮೂರನೆಯ ರಾಷ್ಟ್ರವೂ ಭಾರತವೇ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡುವ ಪದ್ಧತಿ ನಮ್ಮ ಇತಿಹಾಸದ ತರಗತಿಗಳಲ್ಲಿ ಅಪರೂಪ.

1959ರ ಕ್ರಿಸ್‌ಮಸ್ ಸಮಯದಲ್ಲಿ ಕಲೋನಿನ ಯೆಹೂದ್ಯ ಪ್ರಾರ್ಥನಾಮಂದಿರದ ಗೋಡೆಗಳ ಮೇಲೆ ಸ್ವಸ್ತಿಕಗಳನ್ನು ಬಳಿಯಲಾಯಿತು. ಕೆಲವೇ ವಾರಗಳಲ್ಲಿ ಅನೇಕ ದೇಶಗಳಲ್ಲಿ ಇದರ ಅನುಕರಣೆಗಳು ನಡೆದುವು. ಇದರ ಮೇಲೆ ವಿಶ್ವಸಂಸ್ಥೆಯಲ್ಲಿ ಆರಂಭವಾದ ಚರ್ಚೆಯೇ ಬೆಳೆದು, 1965ರ ಡಿಸೆಂಬರ್ 21ರ ಜನಾಂಗಭೇದ ನಿವಾರಣಾ ಒಡಂಬಡಿಕೆಯಾಯಿತು. ಆಶ್ಚರ್ಯವೆಂದರೆ, ಯೆಹೂದ್ಯದ್ವೇಷದ ಪ್ರಕರಣದಿಂದ ಹುಟ್ಟಿದ ಈ ಒಡಂಬಡಿಕೆಯಲ್ಲಿ ಆ ಪದವೇ ಇಲ್ಲ. ಅದನ್ನು ಸೇರಿಸಬೇಕೆಂದು ಅಮೆರಿಕವೂ ಬ್ರೆಜಿಲೂ ಸೂಚಿಸಿದುವು. ಹಾಗಾದರೆ ಜಿಯೋನಿಸಮನ್ನೂ ಸೇರಿಸಿರೆಂದು ಸೋವಿಯೆತ್ ಒಕ್ಕೂಟವು ತಿದ್ದುಪಡಿ ತಂದಿತು. ಕಡೆಗೆ ಗ್ರೀಸ್ ಹಂಗೆರಿಗಳ ಸೂಚನೆಯಂತೆ ಇಂಥ ಯಾವ ಹೆಸರನ್ನೂ ಹೇಳದೆ ಬಿಡಲಾಯಿತು. ಹೆಸರು ಹಿಡಿದು ಖಂಡಿಸುವ ಕಾರ್ಯವನ್ನು ಯೂರೋಪಿನ ಭದ್ರತೆ ಸಹಕಾರಗಳ ಸಂಸ್ಥೆಯು 2004ರ ಏಪ್ರಿಲಿನಲ್ಲಿ ಬರ್ಲಿನ್ನಿನಲ್ಲಿ ಮಾಡಿತು. ಆಗ ಅದರಲ್ಲಿ 55 ರಾಷ್ಟ್ರಗಳಿದ್ದುವು. ಆ ಘೋಷಣೆಗೂ, 2016ರಲ್ಲಿ ಅಂತರರಾಷ್ಟ್ರೀಯ ಹಾಲೊಕಾಸ್ಟ್ ಸ್ಮರಣ ಮೈತ್ರಿಕೂಟವು ಒಪ್ಪಿದ ವ್ಯಾಖ್ಯೆಗೂ ಕಾನೂನಿನ ಬಲವಿಲ್ಲ; ಈ ವ್ಯಾಖ್ಯೆಯು ಇಸ್ರೇಲಿನ ನೀತಿಗಳ ಟೀಕೆಗೆ ಅಡ್ಡಿಯಾಗುವುದೋ ಇಲ್ಲವೋ ಎಂಬ ವಿವಾದವೂ ಬಗೆಹರಿದಿಲ್ಲ.

ಬರ್ನ್‌ಹೈಮನ ಮನವಿಯ ನಿಜವಾದ ಸಂತತಿಯನ್ನು ಹುಡುಕುವವರು ಇಂಥ ಘೋಷಣೆಗಳನ್ನು ಬಿಟ್ಟು, 1965ರ ಒಡಂಬಡಿಕೆಯ 14ನೆಯ ವಿಧಿಯನ್ನು ನೋಡಬೇಕು. ಅದನ್ನು ಪ್ರತ್ಯೇಕವಾಗಿ ಒಪ್ಪಿಕೊಂಡ ರಾಜ್ಯದ ಮೇಲೆ ಯಾವ ವ್ಯಕ್ತಿಯಾದರೂ ತಜ್ಞರ ಸಮಿತಿಗೆ ದೂರು ಕೊಡಬಹುದು. ಭಾರತವು ಅದನ್ನು ಒಪ್ಪಿಲ್ಲ. ನಾರ್ವೆಯು ಒಪ್ಪಿದೆ. ಅಲ್ಲಿನ ಆಸ್ಕಿಮ್ ಎಂಬ ಊರಿನಲ್ಲಿ 2000ದ ಆಗಸ್ಟ್ 19ರಂದು, ಹಿಟ್ಲರನ ಸಹಚರ ರುಡಾಲ್ಫ್ ಹೆಸ್ಸನ ಸ್ಮರಣಾರ್ಥ ಒಂದು ಗುಂಪು ಮೆರವಣಿಗೆ ನಡೆಸಿತು. ಅದರ ಮುಖಂಡನು ಯೆಹೂದ್ಯರನ್ನು ನಿಂದಿಸಿ ಭಾಷಣ ಮಾಡಿದನು. ಸರ್ವೋಚ್ಚ ನ್ಯಾಯಾಲಯವು 2002ರ ಡಿಸೆಂಬರಿನಲ್ಲಿ, 11 ನ್ಯಾಯಾಧೀಶರ ಬಹುಮತದಿಂದ, ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ಅವನನ್ನು ಖುಲಾಸೆ ಮಾಡಿತು. 6 ಮಂದಿ ಭಿನ್ನಾಭಿಪ್ರಾಯ ಕೊಟ್ಟರು. ಓಸ್ಲೊ, ಟ್ರಾಂಡ್‌ಹೈಮ್ ನಗರಗಳ ಯೆಹೂದ್ಯ ಸಮುದಾಯಗಳು ಸಮಿತಿಯ ಮೊರೆಹೊಕ್ಕುವು. ನಾರ್ವೆ ಸರ್ಕಾರವು ಎತ್ತಿದ ಆಕ್ಷೇಪಣೆ ನಮಗೆ ಪರಿಚಿತವಾದುದೇ: ಈ ದೂರುದಾರರು ಆ ಭಾಷಣದಿಂದ ಸ್ವತಃ ಬಾಧಿತರಲ್ಲ, ಆದ್ದರಿಂದ ದೂರು ಕೊಡಲು ಅವರಿಗೆ ಅಧಿಕಾರವಿಲ್ಲ. 1933ರ ನ್ಯಾಯಶಾಸ್ತ್ರಜ್ಞರಂತೆ ಈ ಸಮಿತಿಯೂ ಅದನ್ನು ತಳ್ಳಿಹಾಕಿ, 2005ರ ಆಗಸ್ಟ್ 15ರಂದು ಒಡಂಬಡಿಕೆಯ ಉಲ್ಲಂಘನೆಯಾಗಿದೆಯೆಂದು ತೀರ್ಮಾನಿಸಿತು. ನಾರ್ವೆಯು ತನ್ನ ದಂಡಸಂಹಿತೆಯ ಸಂಬಂಧಪಟ್ಟ ವಿಧಿಯನ್ನು ಅದೇ ವರ್ಷ ಬಿಗಿಗೊಳಿಸಿತು.